ಓದುಗರ ಪ್ರಶ್ನೋತ್ತರ: ತಡರಾತ್ರಿಯ ಹಾಸ್ಯಗಾರರಿಗೆ ವಯಸ್ಸಾದರೆ ಮೊನಚು ಹೋಗುತ್ತದೆಯೇ?

ಅಮೆರಿಕದ ತಡರಾತ್ರಿ ಟೀವಿ ಹಾಸ್ಯದ ತುಣುಕುಗಳನ್ನು ಮೊಬೈಲಿನಲ್ಲಿ ನೋಡುವ ಓದುಗರಿಂದ ಈ ಸಲ ಸಾಲುಸಾಲು ಪತ್ರಗಳು ಬಂದಿವೆ. ಅವುಗಳಲ್ಲಿ ಆರನ್ನು ಆಯ್ದು ಉತ್ತರಿಸಿದ್ದೇವೆ.

ಪ್ರಶ್ನೆ: ಡೇವಿಡ್ ಲೆಟರ್‌ಮನ್, ಬಿಲ್ ಮಾಹೆರ್ ಮುಂತಾದ ತಡರಾತ್ರಿ ನಿರೂಪಕರ ಹಳೆಯ ತುಣುಕುಗಳನ್ನೂ ಇತ್ತೀಚಿನವುಗಳನ್ನೂ ನೋಡಿದೆ. ವಯಸ್ಸಾದಂತೆ ಹಾಸ್ಯ ಮೊಂಡಾಗಿ, ಆ ಕೊರತೆ ತುಂಬಲು ಎಲ್ಲೆ ಮೀರುತ್ತಾರೆ ಅನ್ನಿಸಿತು. ಸರಿಯೇ? (ಮೈಸೂರು)

ಮೊಂಡಾಗುವುದು ಉಂಟು. ಆದರೆ ಅದಕ್ಕೆ ವಯಸ್ಸನ್ನು ಹೊಣೆ ಮಾಡುವುದು ಸುಲಭದ ಉತ್ತರ. ವಯಸ್ಸಾದಂತೆ ಮೊದಲು ಕುಂದುವುದು ವೇಗ. ಹೆಸರು ನಾಲಿಗೆಗೆ ಬರಲು ಅರೆಕ್ಷಣ ಹೆಚ್ಚು ಬೇಕಾಗುತ್ತದೆ, ಎದುರಿನವರ ಮಾತಿಗೆ ಥಟ್ಟನೆ ಕೊಡುವ ಮರುಮಾತು ಸ್ವಲ್ಪ ತಡವಾಗುತ್ತದೆ. ಪದಸಂಪತ್ತು, ಜನರನ್ನು ಅಳೆಯುವ ಕಣ್ಣು ಅಷ್ಟು ಬೇಗ ಹೋಗುವುದಿಲ್ಲ. ಮೊನೊಲಾಗ್ ಅಂದರೆ ಆರಂಭದಲ್ಲಿ ನಿಂತು ಆಡುವ ಮಾತನ್ನು ಕ್ಯಾಮೆರಾ ಪಕ್ಕದ ದೊಡ್ಡ ಕಾರ್ಡುಗಳನ್ನೋ ಪರದೆಯನ್ನೋ ನೋಡಿ ಹೇಳುವುದರಿಂದ ನೆನಪಿನ ಕೊರತೆ ಅಲ್ಲಿ ಅಷ್ಟಾಗಿ ತೋರುವುದಿಲ್ಲ. ಅತಿಥಿಯ ಜೊತೆಗಿನ ಮಾತುಕತೆಯಲ್ಲಿ ತೋರುತ್ತದೆ.

ವೇದಿಕೆಯ ಮೇಲೆ ಒಬ್ಬರೇ ನಿಂತು ನಗಿಸುತ್ತಿದ್ದ ಹಾಸ್ಯಗಾರ ಜಾರ್ಜ್ ಕಾರ್ಲಿನ್ ಅವರನ್ನು ನೋಡಿ. ಹುಟ್ಟಿದ್ದು 1937ರ ಮೇ. ಎಚ್‌ಬಿಓ ಎಂಬ ಕೇಬಲ್ ವಾಹಿನಿಯಲ್ಲಿ ಅವರ ಕೊನೆಯ ಒಂದು ಗಂಟೆಯ ಕಾರ್ಯಕ್ರಮ ಪ್ರಸಾರವಾದದ್ದು 2008ರ ಮಾರ್ಚ್ 1ರಂದು, 70ನೇ ವಯಸ್ಸಿನಲ್ಲಿ. ಮುಪ್ಪು, ಸಾವು, ಸತ್ತವರ ಬಗ್ಗೆ ನಾವು ಆಡುವ ಸುಳ್ಳು ಸಮಾಧಾನದ ಮಾತು, ಇವೇ ಅದರ ವಸ್ತು. ಮಾತಿನಲ್ಲಿ ಎಲ್ಲೂ ಸಡಿಲವಿಲ್ಲ. ನಾಲ್ಕು ತಿಂಗಳಿಗೆಲ್ಲ ತೀರಿಕೊಂಡರು. ಅವರಿಗೆ ಉಳಿದ ಮೊನಚು ತಡರಾತ್ರಿಯವರಿಗೆ ಏಕೆ ಉಳಿಯುವುದಿಲ್ಲ? ಲೆಕ್ಕ ಹಾಕಿ. ಕಾರ್ಲಿನ್ ಎಚ್‌ಬಿಓಗೆ 1977ರಿಂದ 2008ರವರೆಗೆ 14 ಕಾರ್ಯಕ್ರಮ ಕೊಟ್ಟರು. ಹೆಚ್ಚುಕಡಿಮೆ ಎರಡು ವರ್ಷಕ್ಕೊಂದು ಗಂಟೆ. ಆ ಒಂದು ಗಂಟೆಯನ್ನು ಊರೂರು ತಿರುಗಿ, ನಗು ಬಾರದ ಸಾಲು ತೆಗೆದು, ಬಂದ ಸಾಲನ್ನು ಇನ್ನಷ್ಟು ಚಿಕ್ಕದು ಮಾಡಿ ಒಪ್ಪ ಮಾಡುತ್ತಿದ್ದರು. ತಡರಾತ್ರಿಯವರು ದಿನಕ್ಕೆ 7 ನಿಮಿಷ, ವಾರಕ್ಕೆ 4 ದಿನ, ವರ್ಷಕ್ಕೆ 40 ವಾರ ಮಾತಾಡಿದರೂ ಹದಿನೆಂಟು ಗಂಟೆ ದಾಟುತ್ತದೆ. ಪ್ರತಿ ಜೋಕಿಗೂ ಸಿಗುವ ಪರೀಕ್ಷೆ ಮಧ್ಯಾಹ್ನದ ಒಂದೇ ಒಂದು ತಾಲೀಮು. ಕತ್ತಿ ಹಳೆಯದಾದದ್ದಕ್ಕಲ್ಲ, ಸಾಣೆ ಹಿಡಿಯಲು ಹೊತ್ತಿಲ್ಲದ್ದಕ್ಕೆ ಮೊಂಡಾಗುತ್ತದೆ. ಇದರ ಮೇಲೆ ಇನ್ನೊಂದು ಸೇರುತ್ತದೆ: ನಿರೂಪಕರ ಕುರ್ಚಿಯಲ್ಲಿ ಇಪ್ಪತ್ತು ವರ್ಷ ಕೂತವರಿಗೆ ‘ಇದು ಬೇಡ’ ಎಂದು ಮುಖದ ಮೇಲೆ ಹೇಳುವವರು ಉಳಿದಿರುವುದಿಲ್ಲ. ನಮ್ಮ ಮಟ್ಟಿಗೆ ಇದೇ ದೊಡ್ಡ ಕಾರಣ.

ಪ್ರಶ್ನೆ: ಹತ್ತಾರು ಬರಹಗಾರರು, ವಾಹಿನಿಯ ಪರಿಶೀಲಕರು ಇದ್ದೂ ಕೆಟ್ಟ ಜೋಕು ಹೇಗೆ ಆಚೆ ಬರುತ್ತದೆ? (ಸನಿವೇಲ್, ಕ್ಯಾಲಿಫೋರ್ನಿಯಾ)

ಮೊದಲು ಒಂದು ದಿನದ ಕೆಲಸ ಹೇಗೆ ನಡೆಯುತ್ತದೆ ನೋಡಿ. ಬೆಳಿಗ್ಗೆ ಬರಹಗಾರರು ಸುದ್ದಿ ಓದಿ ಜೋಕು ಬರೆದು ಕಳಿಸುತ್ತಾರೆ. ಮುಖ್ಯ ಬರಹಗಾರರು ಜರಡಿ ಹಿಡಿಯುತ್ತಾರೆ, ನಿರೂಪಕರು ಇನ್ನೊಮ್ಮೆ ಸೋಸುತ್ತಾರೆ. ಹೆಚ್ಚಿನವು ಇಲ್ಲೇ ಬಿದ್ದುಹೋಗುತ್ತವೆ. ಮಧ್ಯಾಹ್ನ ತಾಲೀಮು, ವಾಹಿನಿಯ ಪರಿಶೀಲನಾ ವಿಭಾಗದ ಓದು, ಸಂಜೆ ಪ್ರೇಕ್ಷಕರ ಮುಂದೆ ಚಿತ್ರೀಕರಣ, ಪ್ರಸಾರ ರಾತ್ರಿ 11.35ರ ಹೊತ್ತಿಗೆ. ನಡುವೆ ಕತ್ತರಿ ಹಾಕಲು ಕೆಲವು ಗಂಟೆ ಸಿಗುತ್ತದೆ. ಪ್ರೇಕ್ಷಕರ ನಗುವೂ ತಾನಾಗಿ ಬಂದದ್ದಲ್ಲ. ಮುಂಚೆಯೇ ಒಬ್ಬರು ಬಂದು ಅವರನ್ನು ಹುರುಪುಗೊಳಿಸಿರುತ್ತಾರೆ. ಜನ ಜಡವಾಗದೆ ಚುರುಕಾಗಿರಲೆಂದು ಲೆಟರ್‌ಮನ್ ಸಭಾಂಗಣವನ್ನು ಸುಮಾರು 13 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ಇಡಿಸುತ್ತಿದ್ದದ್ದು ಪ್ರಸಿದ್ಧ. ನಗಲೆಂದೇ ಬಂದು ಕೂತವರು ನಕ್ಕರೆ ಜೋಕು ಚೆನ್ನಾಗಿದೆ ಎಂಬುದಕ್ಕೆ ಅದು ಸಾಕ್ಷಿಯಾಗದು.

ಈಗ ಎರಡು ತಪ್ಪುಗಳನ್ನು ಹತ್ತಿರದಿಂದ ನೋಡೋಣ. 2009ರ ಜೂನ್, ಲೆಟರ್‌ಮನ್ ಅವರಿಗೆ 62. ಆಗ ಅಲಾಸ್ಕ ರಾಜ್ಯದ ಗವರ್ನರ್ ಆಗಿದ್ದ, ಹಿಂದಿನ ವರ್ಷ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಸಾರಾ ಪೇಲಿನ್ ನ್ಯೂಯಾರ್ಕಿನಲ್ಲಿ ಬೇಸ್‌ಬಾಲ್ ಪಂದ್ಯ ನೋಡಲು ಬಂದಿದ್ದರು. ಆಟದ ನಡುವೆ ಒಬ್ಬ ಆಟಗಾರ ಅವರ ಮಗಳನ್ನು ಬಸಿರು ಮಾಡಿದ ಎಂಬ ಅರ್ಥದ ಜೋಕನ್ನು ಲೆಟರ್‌ಮನ್ ಹೇಳಿದರು. ಅವರ ಮನಸ್ಸಿನಲ್ಲಿದ್ದದ್ದು ಹಿರಿಮಗಳು ಬ್ರಿಸ್ಟಲ್. ವಯಸ್ಸು 18, ಹಿಂದಿನ ವರ್ಷದ ಚುನಾವಣೆಯಲ್ಲಿ ಬಸುರಿಯಾಗಿ ಸುದ್ದಿಯಾದವಳು. ಪಂದ್ಯಕ್ಕೆ ಬಂದಿದ್ದವಳು 14ರ ವಿಲೋ. ಅಲ್ಲಿ ಇದ್ದ ಮಗಳು ಯಾರು ಎಂದು ಒಬ್ಬರೂ ಕೇಳಿದಂತಿಲ್ಲ. ‘ಪೇಲಿನ್ ಮಗಳು’ ಅಂದೊಡನೆ ಹಿಂದಿನ ವರ್ಷದ ಅಚ್ಚು ತಾನಾಗಿ ಒತ್ತಿಕೊಂಡಿತು. ದಿನವೂ ಬರೆಯುವ ಕೋಣೆಯ ದೊಡ್ಡ ರೋಗವಿದು: ವ್ಯಕ್ತಿಯ ಹೆಸರಿಗೆ ಒಂದು ಅಂಟುಪಟ್ಟಿ, ಆ ಪಟ್ಟಿಗೆ ಸಿದ್ಧ ಜೋಕು. ಬ್ರಿಸ್ಟಲ್ ಮೇಲೆಯೇ ಅಂದಿದ್ದರೂ ಅದು ಒಳ್ಳೆಯ ಜೋಕಲ್ಲ. ಅಧಿಕಾರದಲ್ಲಿದ್ದವರು ತಾಯಿ, ಏಟು ಬಿದ್ದದ್ದು ಮಗಳಿಗೆ.

ಮೊದಲ ಸಮಜಾಯಿಷಿಯಲ್ಲಿ ಲೆಟರ್‌ಮನ್ ತಮ್ಮ ಉದ್ದೇಶ ವಿವರಿಸಿದರು, ಯಾರಿಗೂ ಸಮಾಧಾನವಾಗಲಿಲ್ಲ. ಕೆಲ ದಿನದ ಮೇಲೆ ಎರಡನೆಯ ಸಲ, ಉದ್ದೇಶ ಏನೇ ಇರಲಿ, ಕೇಳಿದವರಿಗೆ ಹಾಗೆ ಕೇಳಿಸಿದ್ದರೆ ತಪ್ಪು ತಮ್ಮದೇ ಎಂದು ಇಬ್ಬರು ಹೆಣ್ಣುಮಕ್ಕಳ ಹೆಸರೂ ಹೇಳಿ ಕ್ಷಮೆ ಕೇಳಿದರು. ಪೇಲಿನ್ ಅದನ್ನು ಒಪ್ಪಿಕೊಂಡರು.

ಮಾಹೆರ್ ತಪ್ಪು ಬೇರೆ ಜಾತಿಯದು. 2017ರ ಜೂನ್ 2ರಂದು, 61ನೇ ವಯಸ್ಸಿನಲ್ಲಿ, ಸೆನೆಟರ್ ಬೆನ್ ಸ್ಯಾಸ್ ಜೊತೆ ಮಾತಾಡುತ್ತ, ಕರಿಯರನ್ನು ಗುಲಾಮಗಿರಿಯ ಕಾಲದಿಂದ ಹೀನಾಯಿಸಲು ಬಳಸಿದ ಪದವನ್ನು ತಮಗೇ ಅನ್ವಯಿಸಿಕೊಂಡು ನಗೆ ಹುಟ್ಟಿಸಲು ನೋಡಿದರು. ನೇರ ಪ್ರಸಾರ, ಕಾರ್ಡಿಲ್ಲ, ಸೋಸುವವರಿಲ್ಲ. ಬಾಯಿಗೆ ಬಂದದ್ದು ಹೊರಗೆ ಬಂತು. ಮಾತು ಆಡಿದರೆ ಹೋಯಿತು. ಎಚ್‌ಬಿಓ ಮರುಪ್ರಸಾರದಲ್ಲಿ ಆ ಪದ ತೆಗೆಯಿತು, ಮಾಹೆರ್ ಕ್ಷಮೆ ಕೇಳಿದರು. ಮುಂದಿನ ವಾರ ಕರಿಯ ರ್ಯಾಪ್ ಗಾಯಕ ಐಸ್ ಕ್ಯೂಬ್ ಅದೇ ವೇದಿಕೆಗೆ ಬಂದು, ಆ ಪದ ಯಾಕೆ ಮಾಹೆರ್ ಬಾಯಲ್ಲಿ ಬರಬಾರದೆಂದು ಎದುರಿಗೇ ಹೇಳಿದರು. ಮೊದಲನೆಯದು ಬರಹದ ತಪ್ಪು, ಸುದ್ದಿ ಪರಿಶೀಲಿಸಿದ್ದರೆ ನಿಲ್ಲುತ್ತಿತ್ತು. ಎರಡನೆಯದು ಅಭ್ಯಾಸದ ತಪ್ಪು. ಏನು ಹೇಳಿದರೂ ದಕ್ಕಿಸಿಕೊಂಡವರಿಗೆ ಅನ್ನಬಾರದ್ದು ಒಂದಿದೆ ಎಂಬುದೇ ಮರೆಯುತ್ತದೆ.

ಪ್ರಶ್ನೆ: ಮುಖಕ್ಕೆ ಕಪ್ಪು ಬಳಿದು ಕರಿಯರನ್ನು ಅಣಕಿಸಿದ್ದಕ್ಕೆ ನಿರೂಪಕರಾದ ಜಿಮ್ಮಿ ಫ್ಯಾಲನ್, ಜಿಮ್ಮಿ ಕಿಮ್ಮೆಲ್ ಕ್ಷಮೆ ಕೇಳಿದರಲ್ಲ, ಅದು ಈ ಲೆಕ್ಕಕ್ಕೆ ಬರುತ್ತದೆಯೇ? (ಹಾಸನ)

ಬರುವುದಿಲ್ಲ. ಅವು ವಯಸ್ಸಾಗುವ ಮುಂಚಿನ ತಪ್ಪುಗಳು. ಫ್ಯಾಲನ್ ಹಾಗೆ ವೇಷ ಹಾಕಿದ್ದು 2000ದಲ್ಲಿ, 25ರ ಪ್ರಾಯದಲ್ಲಿ. ಕ್ಷಮೆ ಕೇಳಿದ್ದು 2020ರ ಮೇ. ಕಿಮ್ಮೆಲ್ ಕೇಳಿದ್ದು ಮರುತಿಂಗಳು. ನಿರೂಪಕ ಜೇ ಲೆನೊ ಮಾತು ಬೇರೆ. ಏಷ್ಯಾ ಮೂಲದವರು ನಾಯಿ ತಿನ್ನುತ್ತಾರೆ ಎಂಬ ಜೋಕನ್ನು ವರ್ಷಾನುಗಟ್ಟಲೆ ಹೇಳಿದ ಅವರು 2021ರಲ್ಲಿ, ಟುನೈಟ್ ಶೋ ಕಾರ್ಯಕ್ರಮ ಬಿಟ್ಟು ಏಳು ವರ್ಷವಾದ ಮೇಲೆ ತಪ್ಪೊಪ್ಪಿಕೊಂಡರು. ಆ ಜೋಕು ಹೇಳಿದ ದಿನವೂ ಕೆಟ್ಟದ್ದೇ. ಅಂದು ನೊಂದವರ ದನಿ ಸ್ಟುಡಿಯೋದೊಳಗೆ ಕೇಳಿಸುತ್ತಿರಲಿಲ್ಲ, ಅಷ್ಟೇ.

ಪ್ರಶ್ನೆ: ಎಲ್ಲೆ ಎಳೆಯುವವರು ಯಾರು? ಸರ್ಕಾರವೋ ವಾಹಿನಿಯೋ? (ಮಂಗಳೂರು)

ಆಂಟೆನಾಗೆ ಸಿಗುವ ವಾಹಿನಿಗಳಿಗೆ ಎಫ್‌ಸಿಸಿ ಎಂಬ ಕೇಂದ್ರ ಆಯೋಗದ ನಿಯಮವಿದೆ. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಅಶ್ಲೀಲ ಮಾತು ಸಲ್ಲದು. ಆ ನಂತರ ಬಿಗಿ ಸಡಿಲ. ಎಚ್‌ಬಿಓದಂಥ ಕೇಬಲ್ ವಾಹಿನಿಗೆ ಈ ನಿಯಮ ಅನ್ವಯವಿಲ್ಲ. 2017ರಲ್ಲಿ ನಿರೂಪಕ ಸ್ಟೀಫನ್ ಕೊಲ್ಬರ್ ಅಧ್ಯಕ್ಷ ಟ್ರಂಪ್ ಬಗ್ಗೆ ಹಸಿಹಸಿ ಮಾತಾಡಿದಾಗ ದೂರುಗಳು ಹೋದವು. ಕೊಂಕಣಿ ಮೂಲದ ಅಜಿತ್ ಪೈ ಆಗ ಆಯೋಗದ ಅಧ್ಯಕ್ಷರು. ಆಯೋಗ ಯಾವ ಕ್ರಮವನ್ನೂ ಕೈಗೊಳ್ಳಲಿಲ್ಲ.

2025ರ ಸೆಪ್ಟೆಂಬರಿನಲ್ಲಿ ಹಾಗಾಗಲಿಲ್ಲ. ಟ್ರಂಪ್ ಬೆಂಬಲಿಗ ಯುವ ನಾಯಕ ಚಾರ್ಲಿ ಕರ್ಕ್ ಕೊಲೆಯ ನಂತರ, ಆರೋಪಿ ತಮ್ಮವನಲ್ಲ ಎಂದು ತೋರಿಸಲು ಟ್ರಂಪ್ ಬಣ ಹೆಣಗುತ್ತಿದೆ ಎಂಬ ಧಾಟಿಯಲ್ಲಿ ಕಿಮ್ಮೆಲ್ ಮಾತಾಡಿದರು. ಆಯೋಗದ ಅಧ್ಯಕ್ಷ ಬ್ರೆಂಡನ್ ಕಾರ್ ಬಹಿರಂಗವಾಗಿ ಎಚ್ಚರಿಸಿದರು, ಸ್ಥಳೀಯ ಕೇಂದ್ರಗಳನ್ನು ನಡೆಸುವ ಎರಡು ದೊಡ್ಡ ಪ್ರಸಾರ ಸಂಸ್ಥೆಗಳು ಕಾರ್ಯಕ್ರಮ ಕೈಬಿಟ್ಟವು, 17ರಂದು ಕಿಮ್ಮೆಲ್ ಅವರ ವಾಹಿನಿ ಎಬಿಸಿ ಅದನ್ನು ನಿಲ್ಲಿಸಿತು. 23ರಂದು ಮರಳಿದ ಕಿಮ್ಮೆಲ್, ಒಬ್ಬ ಯುವಕನ ಕೊಲೆಯನ್ನು ಹಗುರ ಮಾಡುವ ಉದ್ದೇಶ ತಮಗಿರಲಿಲ್ಲ ಎಂದು ಗದ್ಗದಿತರಾಗಿ ಹೇಳಿದರು. ನಮ್ಮ ಅಭಿಪ್ರಾಯ: ತನಿಖೆ ಮುಗಿಯುವ ಮುನ್ನ ಆರೋಪಿಯ ಒಲವಿನ ಬಗ್ಗೆ ಸುಳಿವು ಕೊಡುವಂತೆ ಮಾತಾಡಿದ್ದು ಅವಸರ. ಆದರೆ ಅವರು ಸತ್ತವರನ್ನು ಅಣಕಿಸಿರಲಿಲ್ಲ. ಹಾಸ್ಯದ ಹದ ತಪ್ಪಿದರೆ ಸರಿಪಡಿಸಲು ಪ್ರೇಕ್ಷಕರಿದ್ದಾರೆ, ಅಲ್ಲಿ ಅಧಿಕಾರಸ್ಥರು ಕಣ್ಣು ಕೆಂಪು ಮಾಡುವುದು ಹಾಸ್ಯಕ್ಕಿಂತ ದೊಡ್ಡ ಎಲ್ಲೆ ಮೀರಿದಂತೆ.

ಸ್ವಂತ ಎಲ್ಲೆ ಎಳೆದುಕೊಂಡವರೂ ಇದ್ದಾರೆ. 2007ರ ಫೆಬ್ರವರಿಯಲ್ಲಿ ಗಾಯಕಿ ಬ್ರಿಟ್ನಿ ಸ್ಪಿಯರ್ಸ್ ತಲೆ ಬೋಳಿಸಿಕೊಂಡಾಗ ಎಲ್ಲ ಕಡೆ ಅದೇ ಜೋಕು. ನಿರೂಪಕ ಕ್ರೇಗ್ ಫರ್ಗ್ಯುಸನ್ ಮಾತ್ರ ಅವಳ ಬಗ್ಗೆ ಜೋಕು ಮಾಡುವುದಿಲ್ಲ ಎಂದು ವೇದಿಕೆಯಿಂದಲೇ ಹೇಳಿ, ತಾವು ಕುಡಿತ ಬಿಟ್ಟು 15 ವರ್ಷವಾದದ್ದನ್ನೂ ಕುಡಿತದ ದಿನಗಳ ನರಕವನ್ನೂ ಹೇಳಿಕೊಂಡರು. ನಗುವೂ ಬಂತು, ಮೌನವೂ ಬಂತು.

ಪ್ರಶ್ನೆ: ಸರಿಯಾದ ಹೊತ್ತಿಗೆ ನಿಲ್ಲಿಸಿದವರು ಯಾರು? (ಬೆಳಗಾವಿ)

ಜಾನಿ ಕಾರ್ಸನ್. 1962ರ ಅಕ್ಟೋಬರ್ 1ರಿಂದ 1992ರ ಮೇ 22ರವರೆಗೆ ಟುನೈಟ್ ಶೋ ಕುರ್ಚಿಯಲ್ಲಿದ್ದು 66ನೇ ವಯಸ್ಸಿನಲ್ಲಿ ಎದ್ದುಹೋದರು, ಮರಳಿ ಕಾರ್ಯಕ್ರಮ ಕಟ್ಟಲಿಲ್ಲ. ಕೆಲಸದ ಹೊರೆಯನ್ನು ಮುಂಚೆಯೇ ಇಳಿಸಿಕೊಂಡಿದ್ದರು. 1980ರಲ್ಲಿ 90 ನಿಮಿಷದ ಕಾರ್ಯಕ್ರಮ 60ಕ್ಕೆ ಇಳಿಯಿತು. ಜೋಕು ಬಿದ್ದರೆ ಬಿತ್ತೆಂದು ಒಪ್ಪಿಕೊಳ್ಳುತ್ತಿದ್ದರು. ವಾದ್ಯವೃಂದ ಹಳೆಯ ಕುಣಿತದ ಧಾಟಿ ನುಡಿಸುತ್ತಿತ್ತು, ಇವರು ಪಾದ ಸವರುತ್ತ ನಾಲ್ಕು ಹೆಜ್ಜೆ ಹಾಕುತ್ತಿದ್ದರು. ಬಿದ್ದ ಜೋಕನ್ನು ಎತ್ತಲು ಇನ್ನೂ ಖಾರದ ಜೋಕು ಎಸೆಯುವವರು ಎಡವುವುದು ಆ ಜಾಗದಲ್ಲೇ. ನಿವೃತ್ತರಾದ ಮೇಲೂ ಜೋಕು ಬರೆದು ಲೆಟರ್‌ಮನ್‌ಗೆ ಕಳಿಸುತ್ತಿದ್ದರು, ಅವರು ಹೇಳುತ್ತಿದ್ದರು. ಬರೆಯುವ ಮೊನಚು ಇತ್ತು, ದಿನವೂ ನಿಲ್ಲುವ ಕಸುವು ಬೇಡವಾಗಿತ್ತು. 2024ರ ಫೆಬ್ರವರಿಯಲ್ಲಿ 61ರ ಜಾನ್ ಸ್ಟೂವರ್ಟ್ ತಮ್ಮ ಹಳೆಯ ಡೈಲಿ ಶೋ ಕಾರ್ಯಕ್ರಮಕ್ಕೆ ಮರಳಿದ್ದು ವಾರಕ್ಕೆ ಸೋಮವಾರ ಒಂದೇ ದಿನಕ್ಕೆ. ಇದು ಜಾಣತನ.

ಪ್ರಶ್ನೆ: ನನಗೆ 58. ಸಂಘಗಳಲ್ಲಿ ಹಾಸ್ಯ ಭಾಷಣ ಮಾಡುತ್ತೇನೆ. ಹಿಂದಿನಂತೆ ನಗು ಬರುತ್ತಿಲ್ಲ. ಇವರಿಂದ ಕಲಿಯುವುದೇನು? (ದಾವಣಗೆರೆ)

ಮುಂದಿನ ಮೂರು ಕಾರ್ಯಕ್ರಮಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ. ಮೊಬೈಲನ್ನು ನಿಮ್ಮ ಜೇಬಿನಲ್ಲಿ ಇಡಬೇಡಿ, ಐದನೇ ಸಾಲಿನಲ್ಲಿ ಇಡಿ. ವೇದಿಕೆಗೆ ಕೇಳುವುದು ಮುಂದಿನ ಸಾಲಿನ ಪರಿಚಿತರ ನಗು ಮಾತ್ರ. ಮರುದಿನ ಕೇಳುತ್ತ ಪ್ರತಿ ಜೋಕಿನ ಮುಂದೆ ಮೂರರಲ್ಲಿ ಒಂದು ಗುರುತು ಹಾಕಿ: ನಗು, ಚಪ್ಪಾಳೆ, ಮೌನ. ಚಪ್ಪಾಳೆಯನ್ನು ನಗುವೆಂದು ಎಣಿಸಬೇಡಿ. ಜನ ಮಾತನ್ನು ಒಪ್ಪಿದರು ಎಂಬುದಷ್ಟೇ ಅದರ ಅರ್ಥ. ತಡರಾತ್ರಿಯವರು ಮೊಂಡಾಗುವ ಮೊದಲ ಸೂಚನೆಯೂ ಇದೇ, ನಗು ಕಡಿಮೆಯಾಗಿ ಚಪ್ಪಾಳೆ ಹೆಚ್ಚುವುದು.

ಪೀಠಿಕೆಯನ್ನು ಗಡಿಯಾರದಲ್ಲಿ ಅಳೆಯಿರಿ. ವಯಸ್ಸಾದಂತೆ ವಿವರಣೆ ಉದ್ದವಾಗುತ್ತದೆ. ನಗೆಯ ಮಾತಿಗೆ ಮುಂಚೆ ಅರ್ಧ ನಿಮಿಷ ದಾಟಿದರೆ ಅರ್ಧಕ್ಕರ್ಧ ಕತ್ತರಿಸಿ, ನಗೆಯ ಪದ ವಾಕ್ಯದ ಕೊನೆಗೇ ಬರುವಂತೆ ಮಾಡಿ, ಅದರ ಹಿಂದೆ ‘ಅಂತ ಹೇಳಿದ ನೋಡಿ’ ಎಂದು ಬಾಲ ಅಂಟಿಸಬೇಡಿ. ಪ್ರತಿ ಜೋಕಿಗೂ ಹುಟ್ಟಿದ ವರ್ಷ ಬರೆಯಿರಿ. ಹತ್ತು ವರ್ಷ ದಾಟಿದವನ್ನು ಬೇರೆ ಹಾಳೆಗೆ ಹಾಕಿ, ಅದರಲ್ಲಿ ಏಟು ತಿನ್ನುವವರು ಯಾರು ಎಂದು ಬರೆಯಿರಿ. ಹೆಂಡತಿ, ಅತ್ತೆ, ಕಪ್ಪು ಬಣ್ಣ, ದಪ್ಪ ದೇಹ, ಇನ್ನೊಂದು ಜಿಲ್ಲೆಯ ಮಾತಿನ ಧಾಟಿ ಇವೇ ಮತ್ತೆಮತ್ತೆ ಬಂದರೆ ಆ ಹಾಳೆಯನ್ನು ಪೂರ್ತಿ ಬಿಡಿ. ಮೂವತ್ತರೊಳಗಿನ ಇಬ್ಬರಿಗೆ ಕಾರ್ಯಕ್ರಮಕ್ಕೆ ಒಂದು ದಿನ ಮುಂಚೆ ಎಲ್ಲ ಓದಿ ಹೇಳಿ. ಅವರು ನಿಮ್ಮ ಮಕ್ಕಳೋ ಶಿಷ್ಯರೋ ಆಗಿರಬಾರದು, ನಿಮಗೆ ಇಲ್ಲ ಅನ್ನಲು ಹಿಂಜರಿಯದವರಾಗಿರಬೇಕು. ಅವರು ಬೇಡವೆಂದ ಜೋಕಿನ ಬಗ್ಗೆ ವಾದ ಮಾಡದೆ ಆ ಸಂಜೆಯ ಮಟ್ಟಿಗೆ ಬಿಟ್ಟುಬಿಡಿ. ಹಾಗೆ ಬಿಟ್ಟದ್ದರಿಂದ ನಲವತ್ತು ನಿಮಿಷದ ಭಾಷಣ ಇಪ್ಪತ್ತೈದಕ್ಕೆ ಇಳಿದರೆ ಇಪ್ಪತ್ತೈದನ್ನೇ ಮಾಡಿ, ಸಂಘಟಕರಿಗೆ ಮುಂಚೆಯೇ ತಿಳಿಸಿ.