ರೋವರ್ ರೀಸೆಟ್ ಮಾಡುವ ಮುಂಚೆ: ಓದುಗರ ಪ್ರಶ್ನೆ, ಸರ್ವೇಯರ್ ಉತ್ತರ

ಜಿಪಿಎಸ್ ಅಳತೆ ಬಗ್ಗೆ ಪ್ರಶ್ನೆ ಕಳಿಸಿ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ರೋವರ್ (ಕೋಲಿನ ಮೇಲಿಟ್ಟು ಹೊಲದಲ್ಲಿ ಓಡಾಡಿಸುವ ಜಿಪಿಎಸ್ ರಿಸೀವರ್) ಬಗ್ಗೆ ಜಾಸ್ತಿ ಜನ ಹೇಳಿದ್ದು ಒಂದೇ ಮಾತು: 'ರೀಸೆಟ್ ಮಾಡಿದೆ, ಆದರೂ ಸರಿ ಹೋಗಲಿಲ್ಲ.' ಸರಿ ಹೋಗದೇ ಇರುವುದೇ ಸಹಜ. ಈ ಪತ್ರಗಳಲ್ಲಿ ಮಷೀನು ನಿಜವಾಗಿ ಕೆಟ್ಟಿರುವುದು ಎಲ್ಲೋ ಒಂದೆರಡರಲ್ಲಿ ಮಾತ್ರ.

ಪ್ರಶ್ನೆ: ನಾನು ಪರವಾನಗಿ ಭೂಮಾಪಕ. ಮಾಲೂರಿನ ಹತ್ತಿರ ಒಂದು ಕೆಲಸ ಮುಗಿಸಿ, ಅದೇ ಸೆಟ್ಟಿಂಗ್‌ನಲ್ಲಿ ಬಂಗಾರಪೇಟೆ ಕಡೆಯ ಹೊಲಕ್ಕೆ ಹೋದೆ. ಹಿಂದೆ ಬೇರೊಬ್ಬರು ಅಳೆದ ಪಾಯಿಂಟ್‌ಗಳ ಫೈಲ್ ಹಾಕಿ ಸ್ಟೇಕ್‌ಔಟ್ (ಫೈಲಿನ ಪಾಯಿಂಟ್ ನೆಲದ ಮೇಲೆ ಎಲ್ಲಿದೆ ಎಂದು ಹುಡುಕುವುದು) ಕೊಟ್ಟರೆ, ಕಲ್ಲು 650 ಕಿ.ಮೀ. ಪಶ್ಚಿಮಕ್ಕಿದೆ ಅನ್ನುತ್ತದೆ! ಫ್ಯಾಕ್ಟರಿ ರೀಸೆಟ್ ಮಾಡಿದೆ. ಈಗ ಕರೆಕ್ಷನ್ನೂ (ಸ್ಥಾನದ ತಪ್ಪು ತಿದ್ದಲು ಹೊರಗಿನಿಂದ ರೋವರ್‌ಗೆ ಬರುವ ಮಾಹಿತಿ) ಬರುತ್ತಿಲ್ಲ.

ನಿಮ್ಮ ರೋವರ್ ತಪ್ಪೇನೂ ಇಲ್ಲ. ನೀವು 78 ಡಿಗ್ರಿ ರೇಖಾಂಶ ದಾಟಿದ್ದೀರಿ. ಯುಟಿಎಂ (ಭೂಮಿಯನ್ನು ಉದ್ದುದ್ದ ಪಟ್ಟಿಗಳಾಗಿ ಹಂಚಿ, ಸ್ಥಾನವನ್ನು ಮೀಟರ್‌ನಲ್ಲಿ ಹೇಳುವ ಪದ್ಧತಿ) ವಲಯಗಳು 6 ಡಿಗ್ರಿಗೆ ಒಂದರಂತೆ ಬದಲಾಗುತ್ತವೆ. 72ರಿಂದ 78ರವರೆಗೆ 43ನೇ ವಲಯ, 78ರಿಂದ 84ರವರೆಗೆ 44. ರಾಜ್ಯದ ಬಹುಪಾಲು 43ರಲ್ಲೇ ಇದೆ. ಹಾಗಾಗಿ ನಮ್ಮಲ್ಲಿ ಅನೇಕರು ಆ ಸೆಟ್ಟಿಂಗ್ ಕಡೆ ತಿರುಗಿಯೂ ನೋಡುವುದಿಲ್ಲ. ಆದರೆ ಕೋಲಾರ ಜಿಲ್ಲೆಯನ್ನು ಆ ಗೆರೆ ಸೀಳಿಕೊಂಡು ಹೋಗುತ್ತದೆ. ಮಾಲೂರು ಪಟ್ಟಣ ಗೆರೆಯ ಪಶ್ಚಿಮಕ್ಕೆ, ಕೋಲಾರ, ಬಂಗಾರಪೇಟೆ, ಮುಳಬಾಗಿಲು ಪೂರ್ವಕ್ಕೆ.

ಪತ್ತೆ ಮಾಡುವುದು ಸುಲಭ. ಬಂಗಾರಪೇಟೆ ಸುತ್ತಮುತ್ತಲಿನ ಒಂದು ಪಾಯಿಂಟಿನ ಈಸ್ಟಿಂಗ್ (ಪೂರ್ವ-ಪಶ್ಚಿಮದ ಅಂಕಿ) 43ರಲ್ಲಿ ಸುಮಾರು 8 ಲಕ್ಷ 44 ಸಾವಿರ ಮೀಟರ್ ಬರುತ್ತದೆ. ಅದೇ ಪಾಯಿಂಟ್ 44ರಲ್ಲಿ 1 ಲಕ್ಷ 93 ಸಾವಿರ. ಕಳೆದು ನೋಡಿ, ನಿಮ್ಮ 650 ಕಿ.ಮೀ. ಅಲ್ಲೇ ಸಿಗುತ್ತದೆ. ನಾರ್ತಿಂಗ್ (ಉತ್ತರ-ದಕ್ಷಿಣದ ಅಂಕಿ) ಹೆಚ್ಚುಕಮ್ಮಿ ಒಂದೇ ಇರುತ್ತದೆ. ಫೈಲಿನ ಈಸ್ಟಿಂಗ್ 1 ಅಥವಾ 2ರಿಂದ ಶುರುವಾದರೆ ಜಾಬ್ (ಆ ಕೆಲಸಕ್ಕೆ ತೆರೆದ ಫೈಲ್) ಅನ್ನು 44ಕ್ಕೆ ಹಾಕಿ. 8ರಿಂದ ಶುರುವಾದರೆ 43ಕ್ಕೆ. ಒಂದು ಜಾಬ್‌ನಲ್ಲಿ ಎರಡನ್ನೂ ಬೆರೆಸಬೇಡಿ.

ಇನ್ನು ಕರೆಕ್ಷನ್. ಅದನ್ನು ಕಳೆದುಕೊಂಡದ್ದು ನಿಮ್ಮ ರೀಸೆಟ್‌ನಿಂದಲೇ. ಸಿಮ್ಮಿನ ಎಪಿಎನ್ (ಇಂಟರ್ನೆಟ್ ಸೆಟ್ಟಿಂಗ್), ಸರ್ವರ್ ವಿಳಾಸ, ಪೋರ್ಟ್ (ಸಾಮಾನ್ಯವಾಗಿ 2101), ಮೌಂಟ್ ಪಾಯಿಂಟ್ (ಯಾವ ಕರೆಕ್ಷನ್ ಬೇಕೆಂದು ಆರಿಸುವ ಹೆಸರು), ಯೂಸರ್ ನೇಮ್, ರೇಡಿಯೋ ಚಾನೆಲ್ ಎಲ್ಲ ಅಳಿಸಿಹೋಗಿರುತ್ತವೆ. ಮತ್ತೆ ತುಂಬಿಸಿ. ಸರ್ವೆ ಆಫ್ ಇಂಡಿಯಾದ ಕಾರ್ಸ್ ಜಾಲ (ಸದಾ ಚಾಲೂ ಇರುವ ಸ್ಥಿರ ಕೇಂದ್ರಗಳಿಂದ ಕರೆಕ್ಷನ್ ಕೊಡುವ ಜಾಲ) ಬಳಸುವವರಾದರೆ, ಅದೇ ಲಾಗಿನ್ ಇನ್ನೊಂದು ರೋವರ್‌ನಲ್ಲಿ ತೆರೆದಿದೆಯಾ ನೋಡಿ. ನಿಮ್ಮ ಹುಡುಗ ಪಕ್ಕದ ಊರಿನಲ್ಲಿ ಅದನ್ನೇ ಹಾಕಿಕೊಂಡು ನಿಂತಿರಬಹುದು. ಇನ್ನು ಮುಂದೆ ರೀಸೆಟ್ ಒತ್ತುವ ಮುಂಚೆ ಸೆಟ್ಟಿಂಗ್ ಪರದೆಗಳನ್ನೆಲ್ಲ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ನೀವು ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ವಲಯದ ಅಂಚಿನಲ್ಲಿ ಯುಟಿಎಂ ಅಂತರ ನೆಲದ ಅಂತರಕ್ಕಿಂತ ಉದ್ದ. ನಿಮ್ಮ ಕಡೆ ಸಮುದ್ರಮಟ್ಟದಿಂದ ಇರುವ ಎತ್ತರವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ 100 ಮೀಟರ್‌ಗೆ ಸುಮಾರು 8 ಸೆಂ.ಮೀ. ಜಾಸ್ತಿ ಬರುತ್ತದೆ. ವಿಸ್ತೀರ್ಣದಲ್ಲಿ ನೋಡಿದರೆ ಒಂದು ಎಕರೆಗೆ ಹತ್ತಿರ ಹತ್ತಿರ ಒಂದು ಆಣೆ (ಗುಂಟೆಯ 16ನೇ ಒಂದು ಭಾಗ). ಪಹಣಿಯಲ್ಲಿ ಆಣೆಗೂ ಕಾಲಂ ಇದೆ, ಅಲ್ವಾ? ಶಿವಮೊಗ್ಗ ಕಡೆ ಇದು ಉಲ್ಟಾ, 100 ಮೀಟರ್‌ಗೆ ಸುಮಾರು 4 ಸೆಂ.ಮೀ. ಕಡಿಮೆ. ಟೇಪಿಗೂ ರೋವರ್‌ಗೂ ತಾಳೆಯಾಗುತ್ತಿಲ್ಲ, ಕ್ಯಾಲಿಬ್ರೇಷನ್ ಮಾಡಿಸಬೇಕು ಎಂದು ಮಷೀನನ್ನು ಸರ್ವಿಸ್‌ಗೆ ಹೊತ್ತುಕೊಂಡು ಹೋಗುವವರಿದ್ದಾರೆ. ಕಂಟ್ರೋಲರ್‌ನಲ್ಲಿ (ರೋವರ್ ನಡೆಸುವ ಕೈಯಂತ್ರ) ಗ್ರಿಡ್, ಅಂದರೆ ಯುಟಿಎಂ ಅಂತರದ ಬದಲು ಗ್ರೌಂಡ್, ಅಂದರೆ ನೆಲದ ಅಂತರ ಆರಿಸಿದರೆ ಮುಗಿಯಿತು.

ಪ್ರಶ್ನೆ: ನಾನು ರಾಣೆಬೆನ್ನೂರು ತಾಲ್ಲೂಕಿನ ರೈತ. ಹದ್ದುಬಸ್ತಿಗೆ ಬಂದ ಸರ್ವೇಯರ್ ಮೊದಲ ದಿನ ಒಂದು ಕಡೆ ಗೂಟ ಹೊಡೆದರು. ಮಾರನೇ ದಿನ ಅದೇ ಮಷೀನು ಆ ಗೂಟ 2 ಮೀಟರ್ ಪಕ್ಕದವರ ಹೊಲದಲ್ಲಿದೆ ಅಂದಿತು. ಯಾವುದನ್ನು ನಂಬಲಿ?

ಯಜಮಾನರೇ, ಸದ್ಯಕ್ಕೆ ಎರಡನ್ನೂ ನಂಬಬೇಡಿ. ಟ್ರೈಪಾಡ್ ಮೇಲೆ ಕೂರಿಸುವ ಬೇಸ್ ಮಷೀನಿಗೆ ತಾನು ಎಲ್ಲಿದ್ದೇನೆಂದು ನಾವು ಹೇಳಿಕೊಡಬೇಕು. ಬಹಳ ಜನ 'ಹಿಯರ್' ಎಂಬ ಗುಂಡಿ ಒತ್ತಿ, ಅದು ತಾನೇ ಅಂದಾಜಿಸಿಕೊಂಡ ಜಾಗವನ್ನೇ ಒಪ್ಪಿಬಿಡುತ್ತಾರೆ. ಆ ಅಂದಾಜು ದಿನಕ್ಕೊಂದು ರೀತಿ, ಒಂದೆರಡು ಮೀಟರ್ ಆಚೀಚೆ ಇರುತ್ತದೆ. ರೋವರ್ ಸೆಂಟಿಮೀಟರ್ ಲೆಕ್ಕದಲ್ಲಿ ಅಳೆಯುವುದು ಬೇಸ್‌ನಿಂದ ಇರುವ ದೂರವನ್ನು. ಬೇಸ್ ಸರಿದರೆ ಇಡೀ ಹೊಲವೇ ಸರಿಯುತ್ತದೆ. ಉದ್ದ, ಅಗಲ, ವಿಸ್ತೀರ್ಣ ಮಾತ್ರ ಬದಲಾಗುವುದಿಲ್ಲ. ಅದಕ್ಕೇ ಇದು ಆಫೀಸಿನಲ್ಲಿ ಕೂತವರ ಕಣ್ಣಿಗೆ ಬೀಳುವುದಿಲ್ಲ.

ಅವರು ಮೊದಲ ದಿನದ ಬೇಸ್ ಗೂಟದ ಮೇಲೆಯೇ ಮತ್ತೆ ಬೇಸ್ ಇಟ್ಟು, ಅಂದಿನ ಅಂಕಿಗಳನ್ನೇ ಹಾಕಬೇಕು. ಆಂಟೆನಾ ಎತ್ತರವನ್ನು ಹೊಸದಾಗಿ ಅಳೆಯಬೇಕು. ನಂತರ ನಿಮ್ಮ ಕೆಲಸವೂ ಒಂದಿದೆ. ಎಲ್ಲರೂ ಒಪ್ಪುವ ಹಳೆಯ ಬಾಂದು ಕಲ್ಲೊಂದನ್ನು ತೋರಿಸಿ, 'ಸ್ವಾಮಿ, ಮೊದಲು ಇದನ್ನು ಮುಟ್ಟಿ' ಅನ್ನಿ. ನಿನ್ನೆಯ ಅಂಕಿಯೇ ಬಂದರೆ ಕೆಲಸ ಮುಂದುವರಿಯಲಿ.

ಹದ್ದು ತೀರ್ಮಾನವಾಗುವುದು ಟಿಪ್ಪಣಿಯಿಂದ, ಅಂದರೆ ಹೊಲದ ಮೂಲ ಸರ್ವೆ ಅಳತೆಯ ದಾಖಲೆಯಿಂದ. ಉಪಗ್ರಹಕ್ಕೆ ನಿಮ್ಮ ಸರ್ವೆ ನಂಬರ್ ಗೊತ್ತಿಲ್ಲ! ಟಿಪ್ಪಣಿಗೆ ಹೊಂದಿಸಲು ಸರ್ವೇಯರ್ ಹೊಲದ ಸುತ್ತ ನಾಲ್ಕು ದಿಕ್ಕಿಗೂ ಹರಡಿದ ಕಲ್ಲುಗಳನ್ನು ಹಿಡಿದು ಸೈಟ್ ಕ್ಯಾಲಿಬ್ರೇಷನ್ ಮಾಡಬೇಕು. ಎರಡೇ ಕಲ್ಲಿಗೆ ಮಾಡಿದರೆ ಅದರಲ್ಲೊಂದು ಕಿತ್ತು ನೆಟ್ಟದ್ದಾಗಿದ್ದರೂ ಗೊತ್ತಾಗುವುದಿಲ್ಲ. ನಾಲ್ಕಿದ್ದರೆ ಸುಳ್ಳು ಹೇಳುವ ಕಲ್ಲು ವ್ಯತ್ಯಾಸದ ಪಟ್ಟಿಯಲ್ಲಿ ಎದ್ದು ಕಾಣುತ್ತದೆ. ಇನ್ನೊಂದು ಮಾತು. ಟಿಪ್ಪಣಿ ಬರೆದವರು 33 ಅಡಿಯ ಸರಪಳಿ ಎಳೆದವರು. ಉದ್ದದ ಲೆಕ್ಕದಲ್ಲಿ ಅದರ 16ನೇ ಒಂದು ಭಾಗ ಒಂದು ಆಣೆ, ಅಂದರೆ 2 ಅಡಿಗೆ ಸ್ವಲ್ಪ ಜಾಸ್ತಿ. ನಾನೂ ಸರಪಳಿ ಹಿಡಿದು ಕೆಲಸ ಕಲಿತವನೇ. ಆ ಅಳತೆಯನ್ನು ಸೆಂಟಿಮೀಟರ್‌ಗೆ ತಾಳೆ ಮಾಡಿ ಎಂದು ಜಗಳವಾಡುವುದು ಸುಮ್ನೆ.

ಪ್ರಶ್ನೆ: ತೀರ್ಥಹಳ್ಳಿ ಕಡೆ ಅಡಿಕೆ ತೋಟದೊಳಗೆ ರೋವರ್ 'ಫಿಕ್ಸ್' (ಸೆಂಟಿಮೀಟರ್ ಲೆಕ್ಕದ ಸ್ಥಾನ ಸಿಕ್ಕಿದೆ ಎಂದು) ತೋರಿಸುತ್ತದೆ. ಬೆಳಿಗ್ಗೆ, ಮಧ್ಯಾಹ್ನ ಅದೇ ಮೂಲೆ ಅಳೆದರೆ ಅರ್ಧ ಮೀಟರ್ ವ್ಯತ್ಯಾಸ. ಟಿಲ್ಟ್ (ಕೋಲಿನ ಓರೆ) ಕ್ಯಾಲಿಬ್ರೇಷನ್ ಮಾಡಬೇಕೇ?

ಅರ್ಧ ಮೀಟರ್ ಅಂದರೆ ಟಿಲ್ಟ್‌ನ ಕೆಲಸ ಇರಲಾರದು. ಪೋಲಿನ (ರೋವರ್ ಕೋಲಿನ) ಬಬಲ್, ಅಂದರೆ ಅದು ನೆಟ್ಟಗಿದೆಯೇ ಎಂದು ತೋರಿಸುವ ಗುಳ್ಳೆ, ಅರ್ಧ ಡಿಗ್ರಿ ತಪ್ಪಿದ್ದರೂ 2 ಮೀಟರ್ ಪೋಲಿನ ತುದಿಯಲ್ಲಿ ವ್ಯತ್ಯಾಸ ಬರೀ 17 ಮಿ.ಮೀ. ನಿಮಗೆ ಸಿಕ್ಕಿರುವುದು ಸುಳ್ಳು ಫಿಕ್ಸ್. ಸಿಗ್ನಲ್ ಒದ್ದೆ ಎಲೆ, ಕಾಂಡಕ್ಕೆ ಬಡಿದು ತಿರುಗಿ ಬಂದಾಗ ಮಷೀನು ಅಲೆಗಳ ಲೆಕ್ಕ ತಪ್ಪುತ್ತದೆ. ತಪ್ಪಿದ್ದನ್ನೂ ಧೈರ್ಯವಾಗಿ ಫಿಕ್ಸ್ ಅನ್ನುತ್ತದೆ. ಪರದೆಯ ಮೇಲಿನ 2 ಸೆಂ.ಮೀ. ನಿಖರತೆ ಅದರ ಸ್ವಂತ ಅಭಿಪ್ರಾಯ ಅಷ್ಟೇ.

ಒಂದು ಪಾಯಿಂಟ್ ತೆಗೆದುಕೊಂಡ ಮೇಲೆ ಫಿಕ್ಸ್ ಬಿಡಿಸಿ, ಬಯಲಿಗೆ ಹೋಗಿ ಹೊಸದಾಗಿ ಹಿಡಿದು, ಕನಿಷ್ಠ ಅರ್ಧ ಗಂಟೆ ಬಿಟ್ಟು ಅದನ್ನೇ ಮತ್ತೆ ಅಳೆಯಿರಿ. ಅಷ್ಟರಲ್ಲಿ ಉಪಗ್ರಹಗಳು ಸರಿದಿರುತ್ತವೆ. ಎರಡೂ ತಾಳೆಯಾಗದಿದ್ದರೆ ತೋಟದೊಳಗೆ ಹಟ ಮಾಡಬೇಡಿ. ತೋಟದ ಹೊರಗೆ, ಗದ್ದೆ ಬಯಲಿನಲ್ಲಿ ಒಂದಕ್ಕೊಂದು ಕಾಣುವ ಎರಡು ಪಾಯಿಂಟ್ ಹಾಕಿ, ಒಳಗಿನದನ್ನು ಟೋಟಲ್ ಸ್ಟೇಷನ್‌ನಲ್ಲಿ (ಉಪಗ್ರಹವಿಲ್ಲದೆ ಕೋನ, ದೂರ ಅಳೆಯುವ ಯಂತ್ರ) ಅಳೆಯಿರಿ.

ಬಬಲ್ ಪರೀಕ್ಷೆ ಮಾತ್ರ ಎಲ್ಲರೂ ಮಾಡಿಕೊಳ್ಳಿ. ಪೋಲನ್ನು ಬೈಪಾಡ್‌ನಲ್ಲಿ ನಿಲ್ಲಿಸಿ, ಬಬಲ್ ನಡುವಿಗೆ ತಂದು, ಅರ್ಧ ಸುತ್ತು ತಿರುಗಿಸಿ. ಬಬಲ್ ಓಡಿದರೆ, ಓಡಿದ್ದರಲ್ಲಿ ಅರ್ಧವನ್ನು ಸ್ಕ್ರೂನಿಂದ, ಇನ್ನರ್ಧವನ್ನು ಬೈಪಾಡ್ ಕಾಲಿನಿಂದ ಸರಿಪಡಿಸಿ.

ಪ್ರಶ್ನೆ: ಸಿಂಧನೂರಿನಲ್ಲಿ ಬಿಸಿಲಿಗೆ ಹೆದರಿ ಸಂಜೆ 7ರ ಮೇಲೆ ಕಾಲುವೆ ಅಳತೆ ಮಾಡುತ್ತೇವೆ. ಮಾರ್ಚ್‌ನಲ್ಲಿ ಎಷ್ಟೋ ರಾತ್ರಿ ಬರೀ ಫ್ಲೋಟ್ (ಫಿಕ್ಸ್ ಆಗದ ಒರಟು ಸ್ಥಾನ). ಕೋಲ್ಡ್ ಸ್ಟಾರ್ಟ್ ಮಾಡಿದರೂ ಅಷ್ಟೇ.

ಮಾರ್ಚ್, ಏಪ್ರಿಲ್ ಮತ್ತು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ದಕ್ಷಿಣ ಭಾರತದ ಆಕಾಶ ಕತ್ತಲಾದ ಮೇಲೆ ಹೀಗೇ ಆಡುತ್ತದೆ. ಭೂಮಿಯ ಕಾಂತೀಯ ಸಮಭಾಜಕ ರೇಖೆ ನಮ್ಮ ಪರ್ಯಾಯ ದ್ವೀಪದ ತುದಿಯಲ್ಲೇ ಹಾದುಹೋಗುತ್ತದೆ. ಸೂರ್ಯ ಮುಳುಗಿದ ಮೇಲೆ ಈ ಭಾಗದ ಅಯಾನುಮಂಡಲ (ವಾತಾವರಣದ ಮೇಲಿನ ವಿದ್ಯುದಾವೇಶದ ಪದರ) ಕದಡಿ, ಸಿಗ್ನಲ್ ಮಿನುಗಲು ಶುರುವಾಗುತ್ತದೆ. ಸೂರ್ಯನ ಚಟುವಟಿಕೆ ಸುಮಾರು 11 ವರ್ಷಕ್ಕೊಮ್ಮೆ ಏರುತ್ತದೆ. 2024ರಲ್ಲಿ ಅದು ಗರಿಷ್ಠ ಹಂತ ಮುಟ್ಟಿತ್ತು. ಅಂಥ ವರ್ಷಗಳಲ್ಲಿ ಕಾಟ ಜಾಸ್ತಿ.

ಕೋಲ್ಡ್ ಸ್ಟಾರ್ಟ್ ಅಂದರೆ ಮಷೀನು ನೆನಪಿಟ್ಟುಕೊಂಡ ಉಪಗ್ರಹಗಳ ಮಾಹಿತಿಯನ್ನು ಎಸೆಯುವುದು. ಇಡೀ ಆಲ್ಮನಾಕ್ (ಯಾವ ಉಪಗ್ರಹ ಎಲ್ಲಿರುತ್ತದೆ ಎಂಬ ಪಂಚಾಂಗ) ಮತ್ತೆ ತುಂಬಲು 12.5 ನಿಮಿಷ ಬೇಕು. ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿದ್ದ ರೋವರ್ ಬಯಲಲ್ಲೂ ಉಪಗ್ರಹ ಹಿಡಿಯದಿದ್ದರೆ ಮಾಡಿ, ತೆರೆದ ಆಕಾಶದ ಕೆಳಗೆ ಕಾಯಿರಿ. ನಿಮ್ಮ ಸಮಸ್ಯೆಗೆ ಅದು ಮದ್ದಲ್ಲ. ಬೆಳಿಗ್ಗೆ 6ಕ್ಕೆ ಹೋಗಿ.

ಪ್ರಶ್ನೆ: ಬೆಂಗಳೂರಿನಲ್ಲಿ ಬೆಂಚ್‌ಮಾರ್ಕ್ (ಸಮುದ್ರಮಟ್ಟದಿಂದ ಎತ್ತರ ಗೊತ್ತಿರುವ ಗುರುತು) ಮೇಲೆ ಇಟ್ಟರೂ ರೋವರ್ ಸುಮಾರು 85 ಮೀಟರ್ ಕಡಿಮೆ ಎತ್ತರ ತೋರಿಸುತ್ತದೆ.

ಅದು ಎಲಿಪ್ಸಾಯ್ಡ್ ಎತ್ತರ, ಅಂದರೆ ಭೂಮಿಗೆ ಹೊಂದಿಸಿದ ಗಣಿತದ ನಯವಾದ ಮೇಲ್ಮೈಯಿಂದ ಅಳೆದದ್ದು. ನಮ್ಮ ಭಾಗದಲ್ಲಿ ಸರಾಸರಿ ಸಮುದ್ರಮಟ್ಟದ ಮೇಲ್ಮೈ (ಜಿಯಾಯ್ಡ್) ಆ ಎಲಿಪ್ಸಾಯ್ಡ್‌ಗಿಂತ ಅಷ್ಟು ಕೆಳಗಿದೆ. ಜಿಯಾಯ್ಡ್ ಫೈಲ್ ಹಾಕಿ, ಆಮೇಲೆ ಆ ಬೆಂಚ್‌ಮಾರ್ಕಿಗೇ ತಾಳೆ ನೋಡಿ.

ಪ್ರಶ್ನೆ: ಹಳೆಯ ಜಿಪಿಎಸ್ ರಿಸೀವರ್ ಸುಮಾರು ಇಪ್ಪತ್ತು ವರ್ಷ ಹಿಂದಿನ ತಾರೀಕು ತೋರಿಸುತ್ತಿದೆ. ಬ್ಯಾಟರಿ ಹೋಗಿದೆಯೇ?

ಇಲ್ಲ. ಹಳೆಯ ಜಿಪಿಎಸ್ ಸಂದೇಶದಲ್ಲಿ ವಾರದ ಎಣಿಕೆ 1024ಕ್ಕೆ ಸೊನ್ನೆಗೆ ಮರಳುತ್ತದೆ. 2019ರ ಏಪ್ರಿಲ್ 6ರ ರಾತ್ರಿ ಹಾಗಾಯಿತು, ಮುಂದಿನದು 2038ರ ನವೆಂಬರ್‌ನಲ್ಲಿ. ಫರ್ಮ್‌ವೇರ್ ಅಪ್‌ಡೇಟ್ ಸಿಕ್ಕರೆ ಹಾಕಿ. ಸಿಗದಿದ್ದರೆ ಸ್ಥಾನಕ್ಕೆ ಸಾಮಾನ್ಯವಾಗಿ ತೊಂದರೆಯಿಲ್ಲ, ಆದರೆ ಅದರ ತಾರೀಕು ಇರುವ ಫೈಲನ್ನು ಪೋಸ್ಟ್ ಪ್ರೋಸೆಸಿಂಗ್‌ಗೆ (ಅಳತೆಯ ನಂತರ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವುದಕ್ಕೆ) ಕಳಿಸಬೇಡಿ.