ನೋಂದಣಿಗೆ ಮುಂಚೆ ಆ ಹೆಸರು ಬೇಡ

ತಂಗಿ,

ನಿನ್ನ ಚಿಗವ್ವನ ಕೈಯಿಂದ ನನ್ನ ವಿಳಾಸ ಪಡೆದು ನೀನು ಬರೆದ ಪತ್ರವನ್ನು ಎರಡು ಸಲ ಓದಿದೆ. ಗದಗಿನ ಹುಡುಗಿ, ಧಾರವಾಡದಲ್ಲಿ ಆಹಾರ ಮತ್ತು ಪೋಷಣೆಯ ಎಂ.ಎಸ್ಸಿ., ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ನಾಲ್ಕು ವರ್ಷದ ಕೆಲಸ, ಈಗ ಗಂಡನ ಜೊತೆ ಬರ್ಮಿಂಗ್‌ಹ್ಯಾಮಿಗೆ ಹೊರಟಿದ್ದೀಯ. ಹದಿನಾರು ವರ್ಷದ ಹಿಂದೆ ನಾನೂ ಇದೇ ದಾರಿಯಲ್ಲಿ ಬಂದವಳು. ನೀನು ಮುಖ್ಯವಾಗಿ ಕೇಳಿದ್ದು ಒಂದು ಮಾತು: ಇಲ್ಲಿ ಡಯಟಿಷಿಯನ್, ಅಂದರೆ ರೋಗಿಗಳ ಪಥ್ಯಾಹಾರ ತಜ್ಞೆ, ಎಂದು ನೋಂದಣಿ ಆಗುವವರೆಗೆ ಸುಮ್ಮನೆ ಕೂಡುವ ಬದಲು, ನಮ್ಮ ಕಡೆಯ ಜನರಿಗೆ ಫೋನಿನಲ್ಲೇ ಪಥ್ಯ ಹೇಳಿಕೊಟ್ಟು ನಾಲ್ಕು ಕಾಸು ದುಡಿಯಬಹುದೇ?

ಡಯಟಿಷಿಯನ್ ಎಂಬ ಹೆಸರಿನಲ್ಲಿ ಖಂಡಿತ ಬೇಡ. ಬ್ರಿಟನ್ನಿನಲ್ಲಿ ಆ ಪದವನ್ನು ಕಾನೂನು ಕಾಯುತ್ತದೆ. ಹೆಲ್ತ್ ಅಂಡ್ ಕೇರ್ ಪ್ರೊಫೆಶನ್ಸ್ ಕೌನ್ಸಿಲ್, ಅಂದರೆ ಎಚ್‌ಸಿಪಿಸಿಯ ಪಟ್ಟಿಯಲ್ಲಿ ಹೆಸರಿಲ್ಲದವರು ತಮ್ಮನ್ನು ಡಯಟಿಷಿಯನ್ ಎಂದು ಕರೆದುಕೊಂಡು ಜನರನ್ನು ನಂಬಿಸುವುದು ಅಪರಾಧ. ಇಂಗ್ಲಿಷಿನಲ್ಲಿ ಆ ಪದವನ್ನು ಎರಡು ಬಗೆಯಲ್ಲಿ ಬರೆಯುತ್ತಾರಲ್ಲ, ಎರಡಕ್ಕೂ ಅದೇ ಕಟ್ಟು. ಇದು ಹೊಸದೂ ಅಲ್ಲ. 1960ರ ಕಾಯ್ದೆಯಲ್ಲೇ ಇಲ್ಲಿನ ಡಯಟಿಷಿಯನ್ನರಿಗೆ ಸರ್ಕಾರಿ ನೋಂದಣಿಯ ವ್ಯವಸ್ಥೆ ಬಂದಿತ್ತು.

‘ಹಾಗಾದರೆ ನ್ಯೂಟ್ರಿಷನಿಸ್ಟ್ ಎಂದು ಹಾಕಿಕೋ’ ಎಂದು ನಿನಗೆ ಯಾರೋ ಹೇಳಿದ್ದಾರೆ. ಆ ಪದಕ್ಕೆ ಇಲ್ಲಿ ಕಾನೂನಿನ ಬೇಲಿ ಇಲ್ಲ, ನಿಜ. ಆದರೂ ನಾನು ಬೇಡ ಎನ್ನುತ್ತೇನೆ. ಅದಕ್ಕೆ ನನ್ನ ಮನೆಯ ಕಾರಣವೇ ಇದೆ.

ನನ್ನ ದೊಡ್ಡಪ್ಪ ಹಾವೇರಿಯವರು. ಮೂತ್ರಪಿಂಡ ಕೆಟ್ಟು ಹುಬ್ಬಳ್ಳಿಗೆ ತೋರಿಸಿಕೊಳ್ಳುತ್ತಿದ್ದರು. ಊರಿನಲ್ಲಿ ಆಹಾರ ತಜ್ಞ ಎಂದು ಫಲಕ ತೂಗುಹಾಕಿಕೊಂಡಿದ್ದ ಒಬ್ಬರು ಶಕ್ತಿ ಬರಲಿ ಎಂದು ದಿನಕ್ಕೆ ಎರಡು ಎಳನೀರು, ಬಾಳೆಹಣ್ಣು, ಒಂದು ಲೋಟ ಟೊಮೆಟೊ ರಸ ಬರೆದುಕೊಟ್ಟರು. ಅವೆಲ್ಲ ಪೊಟ್ಯಾಸಿಯಂ ತುಂಬಿದವು; ಅದನ್ನು ಹೊರಹಾಕಲಾರದ ದೇಹಕ್ಕೆ ಎಂಥ ಹೊರೆ ಎಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ಹೃದಯದ ಬಡಿತ ತಪ್ಪಿ, ನಡುರಾತ್ರಿ ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಬದುಕಿದರು. ಆಮೇಲೆ ದೂರು ಕೊಡಲು ಹೊರಟ ನನ್ನ ಅಣ್ಣನಿಗೆ ಯಾರ ಬಾಗಿಲು ಬಡಿಯಬೇಕು ಎಂದು ಹೇಳುವವರೇ ಸಿಗಲಿಲ್ಲ. ಆ ಮನುಷ್ಯನ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ, ಆದ್ದರಿಂದ ತೆಗೆದುಹಾಕುವ ಮಾತೂ ಇರಲಿಲ್ಲ.

ಇಲ್ಲಿ ನನ್ನ ಹೆಸರು ಪಟ್ಟಿಯಲ್ಲಿದೆ. ಯಾವ ರೋಗಿಯೂ ಕಾಸು ಕೊಡದೆ ಅದನ್ನು ನೋಡಬಹುದು. ನಾನು ತಪ್ಪು ಮಾಡಿದರೆ ದೂರು ಹೋಗುತ್ತದೆ, ವಿಚಾರಣೆ ನಡೆಯುತ್ತದೆ, ಎಚ್ಚರಿಕೆಯಿಂದ ಹಿಡಿದು ಪಟ್ಟಿಯಿಂದ ಹೆಸರು ತೆಗೆಯುವವರೆಗೆ ಶಿಕ್ಷೆ ಇದೆ. ಮೊದಮೊದಲು ಇದು ತಲೆಯ ಮೇಲೆ ತೂಗುವ ಕತ್ತಿಯಂತೆ ಕಂಡಿತ್ತು. ಈಗ ದೊಡ್ಡಪ್ಪನ ನೆನಪಾದಾಗಲೆಲ್ಲ ಇದೇ ಸರಿ ಎನ್ನಿಸುತ್ತದೆ. ನಮ್ಮಲ್ಲೂ 2021ರಲ್ಲಿ ಆರೋಗ್ಯ ವೃತ್ತಿಪರರ ರಾಷ್ಟ್ರೀಯ ಆಯೋಗದ ಕಾಯ್ದೆ ಬಂದು, ಡಯಟಿಷಿಯನ್ನರೂ ನ್ಯೂಟ್ರಿಷನಿಸ್ಟರೂ ಅದರ ಅಡಿಗೆ ಸೇರಿದ್ದಾರೆ. ಅದು ಪೂರ್ತಿ ಬೇರೂರಲಿ ಎಂಬುದು ನನ್ನ ದೊಡ್ಡ ಆಸೆ.

ಇನ್ನು ನಿನ್ನ ಅರ್ಜಿ. ಪದವಿ ಪತ್ರವೊಂದನ್ನು ತೋರಿಸಿದರೆ ಸಾಲದು. ನೀನು ಏನು ಓದಿದೆ, ಆಸ್ಪತ್ರೆಯಲ್ಲಿ ಎಷ್ಟು ಗಂಟೆ ತರಬೇತಿ, ಯಾರ ಮೇಲ್ವಿಚಾರಣೆಯಲ್ಲಿ, ಯಾವ ಬಗೆಯ ರೋಗಿಗಳು ಎಂಬುದನ್ನೆಲ್ಲ ಇಲ್ಲಿನ ವೃತ್ತಿ ಮಾನದಂಡಗಳ ಪಕ್ಕದಲ್ಲಿಟ್ಟು ನೋಡುತ್ತಾರೆ. ಆ ಮಾನದಂಡಗಳು 2023ರ ಸೆಪ್ಟೆಂಬರಿನಲ್ಲಿ ಬದಲಾಗಿವೆ, ಹೊಸದನ್ನೇ ಓದು. ನಾನು ಪಠ್ಯಕ್ರಮದ ಪ್ರತಿ ತಾರದೆ ಬಂದೆ. ತಮ್ಮ ನನಗಾಗಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಎಷ್ಟು ಸಲ ಅಲೆದನೋ! ತರಬೇತಿ ಕೊಟ್ಟಿದ್ದ ಮೇಡಂ ಅಷ್ಟರಲ್ಲಿ ನಿವೃತ್ತರಾಗಿದ್ದರು, ಸಹಿಗಾಗಿ ಅವರ ಮನೆ ಹುಡುಕಬೇಕಾಯಿತು. ನೀನು ಊರಿನಲ್ಲಿರುವಾಗಲೇ ಸಹಿ, ಮೊಹರು ಎಲ್ಲ ಮುಗಿಸಿಕೋ.

ಕೊರತೆ ಕಂಡರೆ ಪರೀಕ್ಷೆ ಬರೆಯಲು ಅಥವಾ ಮೇಲ್ವಿಚಾರಣೆಯಲ್ಲಿ ಕೆಲವು ಕಾಲ ಕೆಲಸ ಮಾಡಿ ಅದನ್ನು ತುಂಬಿಕೊಳ್ಳಲು ಹೇಳುತ್ತಾರೆ. ನನಗೆ ಎರಡನೆಯದು ಬಂತು, ನಳಿಕೆಯಿಂದ ಆಹಾರ ಕೊಡುವ ವಿಷಯದಲ್ಲಿ. ಹುಬ್ಬಳ್ಳಿಯಲ್ಲಿ ನನ್ನ ಕೆಲಸದ ಬಹುಪಾಲು ಅಡುಗೆಮನೆಯ ಉಸ್ತುವಾರಿ. ನಳಿಕೆಗೆ ಎಷ್ಟು ಹಾಕಬೇಕು ಎಂಬುದನ್ನು ವೈದ್ಯರೇ ಹೇಳುತ್ತಿದ್ದರು. ಇಲ್ಲಿ ಅದನ್ನು ನಾನು ಲೆಕ್ಕಹಾಕಿ, ನಾನೇ ಬರೆದು, ನನ್ನ ಸಹಿ ಹಾಕಬೇಕು. ಹಲವು ದಿನ ಅನ್ನ ಕಾಣದೆ ಬಂದಿದ್ದ, ನಲವತ್ತು ಕೆ.ಜಿ. ತೂಕದ ಮುದುಕಿಯೊಬ್ಬರು ನನಗೆ ಮೊದಲು ಸಿಕ್ಕ ರೋಗಿ. ನಮ್ಮ ಕಡೆಯ ಮನಸ್ಸು, ಹಸಿದವರನ್ನು ಕಂಡರೆ ಹೊಟ್ಟೆ ತುಂಬ ಉಣ್ಣಿಸೋಣ ಎನ್ನುತ್ತದೆ. ಆದರೆ ಅಂಥವರಿಗೆ ಒಮ್ಮೆಲೇ ತುಂಬ ಕೊಟ್ಟರೆ ರಕ್ತದ ಫಾಸ್ಫೇಟ್ ಕುಸಿದು ಹೃದಯಕ್ಕೇ ಅಪಾಯ. ಇಲ್ಲಿನ ಮಾರ್ಗಸೂಚಿ ಅಪಾಯ ಹೆಚ್ಚಿರುವವರಿಗೆ ಕೆ.ಜಿ.ಗೆ ದಿನಕ್ಕೆ 10 ಕ್ಯಾಲರಿ ಮೀರದಂತೆ ಶುರು ಮಾಡು ಎನ್ನುತ್ತದೆ. ಅಂದರೆ ಅವರಿಗೆ ಮೊದಲ ದಿನ 400. ಆ ಅಂಕಿ ಬರೆಯುವಾಗ ನನ್ನ ಕೈ ನಡುಗಿತು. ನೋಂದಣಿಗೆ ಮುಂಚೆ ಈ ತರಬೇತಿ ಯಾಕೆ ಬೇಕಿತ್ತು ಎಂದು ಅವತ್ತು ತಿಳಿಯಿತು.

ಕಾಯುವ ಹೊತ್ತಿನಲ್ಲಿ ಆಸ್ಪತ್ರೆಗಳಲ್ಲಿ ಡಯಟಿಷಿಯನ್ನರ ಸಹಾಯಕಿಯ ಹುದ್ದೆ ಹುಡುಕು. ಅದಕ್ಕೆ ನೋಂದಣಿ ಬೇಕಿಲ್ಲ. ಸಂಬಳ ಕಡಿಮೆ, ನಾಲ್ಕು ವರ್ಷದ ಅನುಭವ ಇರುವವಳಿಗೆ ಮನಸ್ಸು ಮುದುಡುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಅಲ್ಲಿ ಕಿವಿ ಪಳಗುತ್ತದೆ, ಕಣ್ಣೂ ಪಳಗುತ್ತದೆ. ರಕ್ತದ ಸಕ್ಕರೆಯನ್ನು ಅಳೆಯುವ ಮಾನವೇ ಇಲ್ಲಿ ಬೇರೆ: ನಮ್ಮ 180 ಇಲ್ಲಿ 10, ಹದಿನೆಂಟರಿಂದ ಭಾಗಿಸಬೇಕು. ಮೂರು ತಿಂಗಳ ಸಕ್ಕರೆಯ ಪರೀಕ್ಷೆಯಲ್ಲಿ ನಮ್ಮ ಶೇಕಡಾ 7 ಎಂದರೆ ಇಲ್ಲಿನ 53. ಅವಸರದಲ್ಲಿ ತಪ್ಪು ಓದಿದರೆ ದೊಡ್ಡ ಅನಾಹುತ.

ನೋಂದಣಿ ಆದ ಮೇಲೂ ಎರಡು ವರ್ಷಕ್ಕೊಮ್ಮೆ ನವೀಕರಣ ಇದೆ. ಕಲಿತದ್ದನ್ನು ಬರೆದಿಡುತ್ತಾ ಹೋಗಬೇಕು. ನೂರಕ್ಕೆ ಎರಡೂವರೆ ಮಂದಿಯನ್ನು ಆರಿಸಿ ಆ ದಾಖಲೆ ತೋರಿಸಿ ಎನ್ನುತ್ತಾರೆ. ವೃತ್ತಿ ವಿಮೆಯೂ ಕಡ್ಡಾಯ.

ಒಂದು ವಿಷಯದಲ್ಲಿ ಮಾತ್ರ ನೀನು ಇಲ್ಲಿಯವರಿಗಿಂತ ಮುಂದೆ ಇರುತ್ತೀಯ. ಮಗನ ಮನೆಗೆ ಬಂದು ನೆಲೆಸಿದ ನಮ್ಮ ಕಡೆಯ ಅಜ್ಜಿಯೊಬ್ಬರನ್ನು ಒಮ್ಮೆ ನನ್ನ ಬಳಿ ಕಳಿಸಿದರು. ಹಿಂದಿನ ಟಿಪ್ಪಣಿಯಲ್ಲಿ ‘ದಿನಕ್ಕೆ ನಾಲ್ಕು ಚಪಾತಿ’ ಎಂದಿತ್ತು. ಅವರು ತಿನ್ನುತ್ತಿದ್ದುದು ಜೋಳದ ರೊಟ್ಟಿ, ಜೊತೆಗೆ ಮಡಿಕೆಕಾಳಿನ ಪಲ್ಯ, ಗುರೆಳ್ಳು ಚಟ್ನಿ. ಇನ್ಸುಲಿನ್ ಲೆಕ್ಕವೆಲ್ಲ ಆ ತಪ್ಪು ಚಪಾತಿಯ ಮೇಲೆ ನಿಂತಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ 528 ಆಹಾರಗಳ ಕೋಷ್ಟಕ ಅವತ್ತು ನನ್ನ ಕೈ ಹಿಡಿಯಿತು. ಅದರ ಪ್ರತಿಯನ್ನು ಚೀಲದಲ್ಲಿ ಇಟ್ಟುಕೋ. ಆದರೆ ಕೋಷ್ಟಕದಲ್ಲಿ ಇರುವುದು ನೂರು ಗ್ರಾಂ ಜೋಳದ ಲೆಕ್ಕ, ಒಂದು ರೊಟ್ಟಿಗೆ ಎಷ್ಟು ಹಿಟ್ಟು ಹೋಗುತ್ತದೆ ಎಂಬುದಲ್ಲ. ಹೊರಡುವ ಮೊದಲು ಒಂದು ದಿನ ತಕ್ಕಡಿ ತೆಗೆದುಕೊಂಡು ನಿಮ್ಮವ್ವನ ಒಲೆಯ ಪಕ್ಕ ಕುಳಿತು, ಅವರು ಬಡಿಯುವ ಬಿಸಿ ರೊಟ್ಟಿಯ ಹಿಟ್ಟನ್ನೂ, ಖಡಕ್ ರೊಟ್ಟಿಯ ಹಿಟ್ಟನ್ನೂ ಬೇರೆ ಬೇರೆಯಾಗಿ ತೂಗಿ ಬರೆದುಕೊಂಡು ಬಾ.