ಬೀಹೈವ್ ಯಾಕೆ ಕುಸಿಯುತ್ತದೆ?

ತೆಳು ಕೂದಲಿಗೆ ಬೀಹೈವ್, ಅಂದರೆ ನೆತ್ತಿಯ ಮೇಲೆ ಜೇನುಗೂಡಿನಂತೆ ಎತ್ತರವಾಗಿ ನಿಲ್ಲುವ ಕೇಶವಿನ್ಯಾಸ, ಕಟ್ಟಿದರೆ ಒಂದು ಗಂಟೆಯಲ್ಲೇ ಕುಸಿಯುತ್ತದೆ, ಅರವತ್ತರ ದಶಕದವರು ಹೇಗೆ ನಿಲ್ಲಿಸುತ್ತಿದ್ದರು ಅಂತ ಕೇಳಿದ್ದೀರಿ. ಕೂದಲು ತೆಳುವಾಗಿರುವುದು ತೊಂದರೆಯೇ ಅಲ್ಲ, ಬುಡದಲ್ಲಿ ಹಿಡಿತ ಇಲ್ಲ ಅಷ್ಟೇ.

ಈ ಶೈಲಿಯನ್ನು 1960ರಲ್ಲಿ ಶಿಕಾಗೋದ ಕೇಶವಿನ್ಯಾಸಕಿ ಮಾರ್ಗರೆಟ್ ವಿನ್ಸಿ ಹೆಲ್ಟ್ ಒಂದು ಸೌಂದರ್ಯ ಪತ್ರಿಕೆಗಾಗಿ ಮಾಡಿದರು. ಆಕಾರ ಹೊಳೆದದ್ದು ಅವರದೇ ಒಂದು ಕಪ್ಪು ವೆಲ್ವೆಟ್ ಟೋಪಿಯಿಂದ. ಟೋಪಿ ತೆಗೆದರೂ ಕೂದಲು ಹಾಗೇ ನಿಲ್ಲಬೇಕು ಅನ್ನುವುದು ಅವರ ಆಸೆಯಾಗಿತ್ತು, ಎಷ್ಟು ಚೆಂದದ ಯೋಚನೆ ಅಲ್ವಾ!

ತಲೆ ಸ್ನಾನ ಮಾಡಿದ ದಿನವೇ ಕಟ್ಟಬೇಡಿ, ಕೂದಲು ಜಾರುತ್ತದೆ, ಮರುದಿನ ಕಟ್ಟಿ. ಮೊದಲು ರೋಲರ್ ಹಾಕಿ, ಪೂರ್ತಿ ಆರಿದ ಮೇಲೆ ಬಿಚ್ಚಿ. ನೆತ್ತಿಯ ಕೂದಲನ್ನು ಬೆರಳಗಲದಷ್ಟು ತೆಳು ಪದರಗಳಾಗಿ ತೆಗೆದು, ಒಂದೊಂದನ್ನೂ ನೇರ ಮೇಲಕ್ಕೆ ಹಿಡಿದು, ಸಣ್ಣ ಹಲ್ಲಿನ ಬಾಚಣಿಗೆಯಿಂದ ಬುಡದ ಕಡೆಗೆ ಚಿಕ್ಕಚಿಕ್ಕದಾಗಿ ಒತ್ತುತ್ತಾ ಬನ್ನಿ, ಬುಡದಲ್ಲಿ ಮೆತ್ತೆಯಂತೆ ಗಟ್ಟಿಯಾಗುವವರೆಗೂ. ಬಾಚಣಿಗೆಯನ್ನು ಮೇಲೆ ಕೆಳಗೆ ಎರಡೂ ಕಡೆ ಎಳೆದರೆ ಕಟ್ಟಿದ್ದೆಲ್ಲ ಬಿಚ್ಚಿಹೋಗುತ್ತದೆ, ಜಾಸ್ತಿ ಜನ ಎಡವುವುದು ಇಲ್ಲೇ. ಪ್ರತಿ ಪದರದ ಬುಡಕ್ಕೂ ಸ್ವಲ್ಪ ಸ್ಪ್ರೇ ಹೊಡೆಯಿರಿ. ಹಣೆಯ ಹತ್ತಿರದ ಒಂದು ಪದರವನ್ನು ಮಾತ್ರ ಮುಟ್ಟದೆ ಬಿಟ್ಟು, ಕೊನೆಗೆ ಅದನ್ನು ಎಲ್ಲದರ ಮೇಲೆ ಹೊದಿಸಿ, ಮೃದುವಾದ ಬ್ರಷ್‌ನಿಂದ ಹಗುರವಾಗಿ ನೇವರಿಸಿ. ಹಿಂದೆ ಪಿನ್‌ಗಳನ್ನು ಒಂದರ ಮೇಲೊಂದು ಅಡ್ಡಡ್ಡ ಸಿಕ್ಕಿಸಿ.

ಬಿಚ್ಚುವಾಗ ಕಂಡಿಷನರ್ ಹಚ್ಚಿ ತುದಿಯಿಂದ ಶುರುಮಾಡಿ, ಬುಡದಿಂದ ಎಳೆದರೆ ಕೂದಲು ತುಂಡಾಗುತ್ತದೆ.